ನಳಿಕೆಯ ಜಗಳ

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಕಣ ಎಣಿಸುವ ಯಂತ್ರ ನಲವತ್ತೊಂದು ಸಾವಿರ ಎಂದು ತೋರಿಸುವಾಗಲೇ ಇರ್ಮೆಲಿಯ ಬೆರಳುಗಳು ಹಳೆಯ ವಾಕ್ಯವನ್ನು ಬರೆಯತೊಡಗಿದ್ದವು: ಪ್ಲೇಟ್‌ಲೆಟ್‌ಗಳು ಗಂಟುಕಟ್ಟಿವೆ, ಎಣಿಕೆ ನಂಬುವಂತಿಲ್ಲ. ಹನ್ನೊಂದು ವರ್ಷಗಳಿಂದ ತೈಸ್ತೊನ ಹೆಸರಿನ ಮುಂದೆ ಅವಳು ಬರೆಯುತ್ತಿದ್ದದ್ದು ಅದನ್ನೇ. ಅವನ ರಕ್ತಕ್ಕೂ, ಅದು ಹೆಪ್ಪುಗಟ್ಟದಿರಲೆಂದು ನಳಿಕೆಯೊಳಗೆ ಹಾಕಿದ ಔಷಧಿಗೂ ಆಗಿಬರುವುದಿಲ್ಲ. ತಣ್ಣಗಾದರಂತೂ ಕೂಡಲೇ ಗಂಟು. ಯಂತ್ರ ಆ ಗಂಟುಗಳನ್ನು ಬಿಟ್ಟು ಎಣಿಸುತ್ತದೆ, ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ. ಅದಕ್ಕೇ ಅವನ ನಳಿಕೆಯನ್ನು ಅವಳು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ತರುತ್ತಿದ್ದಳು. ಇವತ್ತೂ ತಂದಿದ್ದಳು.

ಉತ್ತರ ಕರೇಲಿಯಾದ ಕಾಡುಗಳಲ್ಲಿ ಇಲಿ ಹೆಚ್ಚಿದ ವರ್ಷ ಅದು. ಚಳಿಗಾಲಕ್ಕೆ ಮುಂಚೆ ಸರೋವರದ ದಡದ ಮನೆ, ಸೌದೆಕೊಟ್ಟಿಗೆ ಗುಡಿಸಿದವರೆಲ್ಲ ಹಿಕ್ಕೆಯ ಧೂಳು ಕುಡಿದು ಜ್ವರ ಹೊತ್ತು ಬರುತ್ತಿದ್ದರು. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತಿತ್ತು. ಯಾರ ಕಿಡ್ನಿ ಕೈಕೊಡಬಹುದೆಂಬ ಸುಳಿವು ಮೊದಲು ಸಿಗುತ್ತಿದ್ದದ್ದು ಈ ಎಣಿಕೆಯಲ್ಲಿ. ಅರವತ್ತು ಸಾವಿರಕ್ಕಿಂತ ಕೆಳಗಿದ್ದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ತೈಸ್ತೊನೂ ಅದೇ ಜ್ವರ ಹೊತ್ತು ಬಂದಿದ್ದ.

ಹೊಸ ಡಾಕ್ಟರ್ ಒಕ್ಕೊ ಫೋನ್ ಮಾಡಿದ. ತೈಸ್ತೊ ಮೂರು ಗಂಟೆಯ ದೋಣಿಗೆ ತನ್ನ ದ್ವೀಪಕ್ಕೆ ಹೋಗಲೇಬೇಕು ಅನ್ನುತ್ತಿದ್ದಾನೆ, ಎಣಿಕೆ ಸುಳ್ಳೇ ತಾನೇ ಎಂದು ಕೇಳಿದ.

"ಅವನದು ಯಾವಾಗ್ಲೂ ಹಾಗೇ," ಎಂದಳು ಇರ್ಮೆಲಿ.

ಬೆಳಗಿನಿಂದ ಅರವತ್ತು ಜನರ ರಕ್ತ ತೆಗೆದಿದ್ದಳು. ಜೊತೆಯವಳು ಬಿಟ್ಟುಹೋದ ಜಾಗಕ್ಕೆ ವಸಂತದಿಂದ ಯಾರೂ ಬಂದಿರಲಿಲ್ಲ. ಕಾಫಿ ಬಗ್ಗಿಸಿಕೊಂಡು ಕೂತಳು, ಕುಡಿಯಲಿಲ್ಲ. ಗಾಜಿನ ಮೇಲೆ ರಕ್ತದ ಹನಿ ಸವರಿ, ಗಂಟುಗಳನ್ನು ಕಣ್ಣಾರೆ ಕಂಡ ಮೇಲೆಯೇ ಆ ವಾಕ್ಯ ಬರೆಯಬೇಕು. ಇವತ್ತು ನೋಡಿರಲಿಲ್ಲ.

ಎದ್ದು ಸವರಿದಳು. ಬಣ್ಣ ಹಿಡಿಯುವವರೆಗೆ ನಿಂತೇ ಇದ್ದಳು. ಸೂಕ್ಷ್ಮದರ್ಶಕದಲ್ಲಿ ಗಂಟಿರಲಿಲ್ಲ. ಗಂಟುಗಳು ಬಂದು ಸೇರುವ ಅಂಚಿನಲ್ಲೂ ಹುಡುಕಿದಳು. ಅಲ್ಲೊಂದು ಇಲ್ಲೊಂದು ಒಂಟಿ ಪ್ಲೇಟ್‌ಲೆಟ್ ಚುಕ್ಕೆ, ಅಷ್ಟೇ.

ಫೋನ್ ಮಾಡಿದಳು. ತೈಸ್ತೊ ಆಗಲೇ ಹೊರಟುಹೋದ ಎಂದ ಒಕ್ಕೊ.

ದೋಣಿಕಟ್ಟೆ ಆಸ್ಪತ್ರೆಯ ಇಳಿಜಾರಿನ ಕೆಳಗೇ ಇತ್ತು. ತೈಸ್ತೊ ಕಪ್ಪು ಬ್ರೆಡ್ಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಬಾಗಿ ಕೂತಿದ್ದ.

"ಏನಮ್ಮ, ಮತ್ತೆ ನಳಿಕೆ ಜಗಳಾನಾ?"

"ನಳಿಕೆದು ತಪ್ಪಿಲ್ಲ ಈ ಸಲ. ನಾನೇ ನೋಡದೆ ಬರೆದುಬಿಟ್ಟೆ. ನಿನ್ನ ರಕ್ತ ನಿಜವಾಗ್ಲೂ ಇಳಿದಿದೆ, ತೈಸ್ತೊ. ವಾಪಸ್ ಬಾ."

ಅವನು ದ್ವೀಪದ ಕಡೆ ಕೈ ತೋರಿಸಿದ.

"ನಾಯೀನ ಕಟ್ಟಿಹಾಕಿ ಬಂದಿದೀನಿ."

ದೋಣಿಯವನು ಕೇಳಿಸಿಕೊಂಡಿದ್ದ, ನಾಯಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂಬಂತೆ ಚೀಲಕ್ಕೆ ಕೈ ಚಾಚಿದ. ಮೂರಕ್ಕೆ ದೋಣಿ ಹೊರಟಾಗ, ತೈಸ್ತೊ ಯಾವಾಗಲೂ ಕೂರುವ ಹಲಗೆಯ ಮೇಲೆ ಬ್ರೆಡ್ಡಿನ ಚೀಲವೊಂದೇ ಕೂತಿತ್ತು.