ಚಾರ್ಜರು ಮೊದಲೋ ಸ್ಕೂಟರು ಮೊದಲೋ

ಮಾದಾಪುರದ ಆ ಕಚೇರಿಯಲ್ಲಿ ಎರಡು ಸಮಿತಿಗಳು. ಎಲೆಕ್ಟ್ರಿಕ್ ಸ್ಕೂಟರಿನ ಸಾಫ್ಟ್‌ವೇರ್ ಹೇಗೆ ಮಾತಾಡಬೇಕೆಂದು ಉಪೇಂದ್ರನ ಸಮಿತಿ ನಿಯಮ ಬರೆಯುತ್ತಿತ್ತು, ಚಾರ್ಜರಿನದು ಹೇಗೆಂದು ಗುರುಬಸವನ ಸಮಿತಿ. ನಡುವೆ ಸುದ್ದಿ ಹೊತ್ತು ಓಡಾಡುವವಳು ವಿಜಯಶ್ರೀ.

ನಾಚಾರಂನಲ್ಲಿ ಚಾರ್ಜರು ತಯಾರಿಸುವ ಅಮೃತಪ್ಪ ಸ್ಕೂಟರು-ಚಾರ್ಜರಿನ ಜಂಟಿ ಪರೀಕ್ಷೆಗೆ ಬಂದು ಕೂತಿದ್ದರು. ಇದು ಪಾಸಾಗದಿದ್ದರೆ ಅವರ ಕಾರ್ಖಾನೆಗೆ ಬೀಗವೇ.

ಕೇಬಲ್ ಸಿಕ್ಕಿಸಿದರು. ಏನೂ ಆಗಲಿಲ್ಲ. ಚಾರ್ಜರು ಮಾತಾಡಿಸಲಿ ಎಂದು ಸ್ಕೂಟರು ಕಾಯುತ್ತಿತ್ತು, ಸ್ಕೂಟರು ಮಾತಾಡಿಸಲಿ ಎಂದು ಚಾರ್ಜರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತ ಜೋಡಿಯಂತೆ ಎರಡೂ ಗಪ್‌ಚಿಪ್.

"ನಮ್ಮ ಕಡೆ ಬಂದವ್ರ ಮೊದಲ ಬಾಗ್ಲಾ ಬಡೀತಾರ್ರಿ," ಅಂದ ಗುರುಬಸವ.

"ನಮ್ಮ ಮೈಸೂರಲ್ಲಿ ಮನೆಯವರೇ ಮೊದಲು 'ಬನ್ನಿ' ಅಂತಾರೆ," ಅಂದ ಉಪೇಂದ್ರ.

ವಿಜಯಶ್ರೀ ಇಬ್ಬರನ್ನೂ ಬೇರೆಬೇರೆಯಾಗಿ ಕಂಡು, "ನೀವ ಒಂಚೂರು ತಗ್ಗಿದ್ರ ಮುಗೀತ್ರಿ," ಎಂದಳು. ಎಂಥ ದೊಡ್ಡ ಮನಸ್ಸು, ತಮ್ಮ ಕಡೆಯದೇ ಮೊದಲು ಮಾತಾಡಲೆಂದು ಇಬ್ಬರೂ ತಗ್ಗಿ ನಿಯಮ ತಿದ್ದಿದರು!

ಎರಡನೆಯ ಪರೀಕ್ಷೆಯಲ್ಲಿ ಚಾರ್ಜರು, ಸ್ಕೂಟರು ಎರಡೂ ಒಟ್ಟಿಗೇ ಬಾಯಿ ತೆರೆದವು.

"ಬರ್ರೀ!"

"ಬರ್ಲಾ?"

"ಛೇ, ನೀವ ಹೇಳ್ರಿ."

"ಇಲ್ಲ ಇಲ್ಲ, ನೀವೇ ಹೇಳಿ."

ಮತ್ತೆ ಒಟ್ಟಿಗೇ "ಬರ್ರೀ!", "ಬರ್ಲಾ?" ಯಂತ್ರಗಳು ಹೀಗೆ ಉಲಿಯುವುದಿಲ್ಲ, ನಿಜ. ಆದರೆ ಪರದೆಯ ಮೇಲೆ ಓಡುತ್ತಿದ್ದ ಸಂದೇಶಗಳ ಸಾರಾಂಶ ಇಷ್ಟೇ. ಚಾರ್ಜರಿನ ದೀಪ ಮಾತ್ರ ಕೆಂಪಗೆ ಕಣ್ಣು ಮಿಟುಕಿಸುತ್ತಿತ್ತು.

"ಮೊದಲ ನೀವ, ಮೊದಲ ನೀವ ಅನ್ನಾಕ ಎರಡೂ ನವಾಬರ ಖಾನ್‌ದಾನದವು ಏನ್ರಿ?" ಅಮೃತಪ್ಪ ಹಣೆ ಒರೆಸಿಕೊಂಡರು. "ಇವತ್ತ ಆಗ್ಲಿಲ್ಲಂದ್ರ ನನ್ನ ಗಿರಾಕಿ ಕೈ ಬಿಡ್ತಾನ ನೋಡವಾ ವಿಜಯಶ್ರೀ."

ವಿಜಯಶ್ರೀ ಬಾಗಿಲು ಮುಚ್ಚಿ ಅಡ್ಡ ನಿಂತಳು. "ಇನ್ನ ನಾ ಸುದ್ದಿ ಒಯ್ಯಂಗಿಲ್ಲ. ಇಬ್ಬರೂ ಒಂದ ಮೇಜಿಗೆ ಕೂಡ್ರಿ."

ಕೂತರು.

"ಶುರು ಮಾಡ್ರಿ ಉಪೇಂದ್ರ," ಅಂದ ಗುರುಬಸವ.

"ಅಯ್ಯೋ, ನೀವು ಹಿರಿಯರು ಸಾರ್, ನೀವೇ ಮಾಡಿ."

"ಸಾಕ ಮಾಡ್ರೀ!" ಎಂದಳು ವಿಜಯಶ್ರೀ. "ಸ್ಕೂಟರ ಊರೆಲ್ಲಾ ತಿರಗ್ತೈತಿ, ಚಾರ್ಜರ ಇದ್ದಲ್ಲೇ ಇರ್ತೈತಿ. ಮನಿ ಅಂದ್ರ ಅದ. ಅದ ಮೊದಲ 'ಬರ್ರಿ' ಅನ್ಲಿ. ಇದೊಂದ ಸಾಲು, ಎರಡೂ ಕಡೆ ಇದ್ದಂಗ ಬರೀರಿ. ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ."

ಇಬ್ಬರೂ ಅಕ್ಕಪಕ್ಕ ಕೂತೇ ಬರೆದು, ಸಾಫ್ಟ್‌ವೇರ್ ತಿದ್ದಿಸಿದರು. ಕೇಬಲ್ ಸಿಕ್ಕಿಸಿದಾಗ ಹಸಿರು ದೀಪ! ಅಮೃತಪ್ಪ ಕುರ್ಚಿಯಿಂದ ಜಿಗಿದೇ ಬಿಟ್ಟರು.

ಬ್ಯಾಟರಿ ತುಂಬಿತು. ಚಾರ್ಜರು ಬಿಡಲಿಲ್ಲ, ಸ್ಕೂಟರು ಹೊರಡಲಿಲ್ಲ. 'ಹೋಗಿ ಬರ್ತೀನಿ' ಎಂದು ಮೊದಲು ಹೇಳುವವರು ಯಾರೆಂದು ಯಾರೂ ಬರೆದಿರಲಿಲ್ಲ.

"ಅದಕ್ಕೊಂದು ಬ್ಯಾರೆ ಸಮಿತಿ..." ಎಂದು ಗುರುಬಸವ ಶುರು ಮಾಡುವಷ್ಟರಲ್ಲಿ ಅಮೃತಪ್ಪ ಸ್ವಿಚ್ ಆರಿಸಿ ಕೇಬಲ್ ಕಿತ್ತರು.

"ನಾ ಹೇಳ್ತೀನ್ರಿ. ಬರ್ತೀನಿ!"