ಮೊದಲು ಮುಖ, ಆಮೇಲೆ ಔಷಧಿ

ಕಿವಿಯ ತುದಿಗೆ ಕೆಂಪು ಬಂತು, ಅಂದರೆ ಹೆಣ ಕೆಡದ ಹಾಗೆ ಇಡುವ ಔಷಧಿ ಅಲ್ಲಿಯವರೆಗೆ ಹೋಗಿದೆ, ಕತ್ತಿನ ನಾಳದಿಂದ ಹೊರಟು ತಲೆಗೇರಿದೆ, ಒಳ್ಳೆಯದೇ ಆಯಿತು, ಮೆಷಿನ್ನು ಗುರ್ ಅನ್ನುತ್ತಿರಲಿ, ಆ ಕಡೆಯ ಕೊಳವೆಯಲ್ಲಿ ರಕ್ತ ಇಳಿದುಹೋಗುತ್ತಿರಲಿ, ನಾನು ಕೈ ಉಜ್ಜಬೇಕು, ಭುಜದಿಂದ ಬೆರಳಿನವರೆಗೆ, ಉಜ್ಜದಿದ್ದರೆ ಬೆರಳು ಮೊದಲು ಕೆಡುತ್ತವೆ — ಎಷ್ಟು ಒರಟು ಅಂಗೈ ಮಾರಾಯ, ಬಸ್ಸಿನ ಕಂಬಿ ಹಿಡಿದು ಹಿಡಿದು, ನನ್ನ ತಮ್ಮ ಇವನು, ಕಂಡಕ್ಟರು, ನಿನ್ನೆ ಡಿಪೋದಲ್ಲಿ ಚಹಾ ಕುಡಿಯುತ್ತ ಕೂತವನ ಎದೆ ಹಾಗೇ ನಿಂತುಹೋಯಿತಂತೆ, ಕೈಯಲ್ಲಿದ್ದ ಲೋಟ ಬೀಳಲಿಲ್ಲವಂತೆ, ಅದನ್ನು ನನಗ್ಯಾಕೆ ಹೇಳಿದರೋ. ನೀವು ಹೊರಗೆ ಕೂತ್ಕೊಳ್ಳಿ ಅಕ್ಕ, ಇವನನ್ನ ನಾನು ನೋಡ್ಕೋತೀನಿ, ಅಂದ ನನ್ನ ಜೊತೆ ಕೆಲಸ ಮಾಡುವ ದಪ್ಪಣ್ಣ, ನಿನ್ನ ಕೆಲಸ ನೀನು ನೋಡ್ಕೋ ಹೋಗಪ್ಪ, ಅಂದೆ, ಯಾರ್ಯಾರದೋ ಅಪ್ಪಂದಿರನ್ನು ತೊಳೆದು ತಲೆ ಬಾಚಿ ಕಳಿಸಿದವಳು ನನ್ನ ತಮ್ಮನನ್ನು ಇನ್ನೊಬ್ಬರ ಕೈಗೆ ಕೊಡಲೇ, ಅದೂ ಅಮ್ಮ ಕೇಳಿದ ಮೇಲೆ. ಅಮ್ಮ ರೈಲು ಬದಲಿಸಿ ಬದಲಿಸಿ ಬರಬೇಕು, ಅಲ್ಲಿಯವರೆಗೆ ಇವನು ಕೆಡಬಾರದು, ಫೋನಿನಲ್ಲಿ ಅವಳು ಅಳಲೂ ಇಲ್ಲ, ಇದ್ದ ಹಾಗೇ ಇಡೇ, ಮುಖ ನೋಡ್ಬೇಕು ನಾನು, ಇದ್ದ ಹಾಗೇ — ಇದೇ ಅಮ್ಮ, ಹೆಣ ಮುಟ್ಟೋ ಕೈಯಲ್ಲಿ ನನಗೆ ನೀರು ಕೊಡ್ಬೇಡ ಅಂದವಳು, ಈ ಕೆಲಸಕ್ಕೆ ಸೇರಿದ ಮೇಲೆ ನನ್ನ ಮನೆಯಲ್ಲಿ ಒಂದು ತುತ್ತು ತಿನ್ನದವಳು, ಈಗ ಆ ಕೈಗೇ ಮಗನನ್ನು ಒಪ್ಪಿಸಿದ್ದಾಳೆ, ಇಷ್ಟು ವರ್ಷಕ್ಕೆ ನನ್ನ ಕೈಯಿಂದ ಅವಳು ಕೇಳಿದ್ದು ಇದೊಂದೇ, ಮಾಡಿಕೊಡುತ್ತೇನಮ್ಮ, ನಿದ್ದೆ ಮಾಡ್ತಿದ್ದಾನಲ್ಲೇ ಅನ್ನಬೇಕು ನೀನು.

ಹಾಗಂದುಕೊಳ್ಳುತ್ತ ಮುಖ ನೋಡಿದೆ, ಬೆಳಿಗ್ಗೆಯಿಂದ ಸರಿಯಾಗಿ ನೋಡಿದ್ದು ಇದೇ ಮೊದಲು — ಅಯ್ಯೋ ದೇವರೇ, ಬಾಯಿ ಮುಚ್ಚಿದೆ. ಇವನ ಬಾಯಿ ಯಾವತ್ತು ಮುಚ್ಚಿತ್ತು, ಮುಂದಿನ ಒಂದು ಹಲ್ಲು ಸೊಟ್ಟಗೆ ಬೆಳೆದು ಕೆಳತುಟಿಯ ಮೇಲೆ ಕೂತಿರುತ್ತಿತ್ತು, ನಿದ್ದೆಯಲ್ಲೂ, ಅಳುವಾಗಲೂ, ಡಿಪೋದವರು ಕೊಟ್ಟ ಸೀಟಿ ಜೇಬಿನಲ್ಲೇ ಬಿದ್ದಿರುತ್ತಿತ್ತು, ಆ ಹಲ್ಲಿನ ಸಂದಿಯಿಂದಲೇ ಊದಿ ಬಸ್ಸು ಬಿಡಿಸುತ್ತಿದ್ದ, ಫೋಟೋ ತೆಗೆಸುವಾಗ ತುಟಿ ಸ್ವಲ್ಪ ಎಳ್ಕೊಳ್ಳೋ ಕತ್ತೆ, ಅಂದರೆ, ಎಳ್ಕೊಂಡ್ರೆ ನಾನು ಅಂತ ಗೊತ್ತಾಗೋದು ಹೆಂಗಕ್ಕ, ಅನ್ನುತ್ತಿದ್ದ. ಈಗ ನಾನೇ ಎಳೆದಿದ್ದೇನೆ, ಎಲ್ಲರಿಗೂ ಎಳೆಯುವ ಹಾಗೆ, ಒಸಡಿಗೆ ದಾರ ಹಾಕಿ ದವಡೆ ಬಿಗಿದು, ತುಟಿ ಕೂಡಿಸಿ, ತುದಿಯಲ್ಲಿ ಒಂಚೂರು ಮೇಲೆತ್ತಿ, ಸತ್ತವರೆಲ್ಲ ನನ್ನ ಕೈಯಲ್ಲಿ ತಣ್ಣಗೆ ನಗುತ್ತಾರೆ, ಎಷ್ಟು ನೆಮ್ಮದಿಯಾಗಿ ಮಲಗಿದ್ದಾರೆ ಅಂತ ಮನೆಯವರು ಮೆಚ್ಚುತ್ತಾರೆ — ಕೈ ತನ್ನ ಪಾಡಿಗೆ ತಾನು ಮಾಡಿಬಿಟ್ಟಿತು, ನಾನು ಗೋಡೆಯ ಟೈಲ್ಸ್ ನೋಡುತ್ತಿದ್ದೆ, ಅವನನ್ನು ನೋಡಲಾರದೆ. ಆಮೇಲೆ ಮೆಷಿನ್ ಹಾಕಿದೆ. ಮೊದಲು ಮುಖ, ಆಮೇಲೆ ಔಷಧಿ, ಕೆಲಸ ಕಲಿಸಿದ ಮೇಷ್ಟ್ರು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು, ಔಷಧಿ ಹೋದ್ಮೇಲೆ ಮಾಂಸ ಗಟ್ಟಿಯಾಗತ್ತೆ, ಆಮೇಲೆ ಬ್ರಹ್ಮ ಬಂದ್ರೂ ಮುಖ ತಿದ್ದಕ್ಕಾಗಲ್ಲ ಕಣಮ್ಮ. ನಿಲ್ಲಿಸು, ಮೆಷಿನ್ ನಿಲ್ಲಿಸಿದೆ, ದಾರ ಕತ್ತರಿಸಿದೆ, ದವಡೆ ಅಲ್ಲಾಡಲಿಲ್ಲ, ಬಿಸಿನೀರಿನ ಬಟ್ಟೆ ಒತ್ತಿದೆ, ಎಣ್ಣೆ ಹಚ್ಚಿ ತಿಕ್ಕಿದೆ, ಬಾರೋ, ಬಾರೋ ನನ್ನಪ್ಪ, ಮೇಲ್ತುಟಿ ಎತ್ತಲು ಹೋದರೆ ಮೂಲೆಯಲ್ಲಿ ಸೀಳಿತು, ರಕ್ತವಿಲ್ಲದ ಸೀಳು, ಮೇಣ ತುಂಬಿ ಮುಚ್ಚಿದೆ, ಇನ್ನೂ ಎಳೆದರೆ ಹರಿಯುತ್ತದೆ, ಹರಿದ ಬಾಯಿ ತೋರಿಸಲೇ, ಬೇರೆಯವನ ಬಾಯಿ ತೋರಿಸಲೇ, ಹಲ್ಲು ಅಲ್ಲೇ ಇದೆ, ತುಟಿಯ ಹಿಂದೆಯೇ, ನನಗೆ ಸಿಗುತ್ತಿಲ್ಲ. ಬೆರಳಿಗೆ ಇನ್ನೂ ಔಷಧಿ ಇಳಿದಿರಲಿಲ್ಲ, ಬಿಟ್ಟರೆ ಕೆಡುತ್ತವೆ, ಮೆಷಿನ್ ಮತ್ತೆ ಹಾಕಿದೆ, ಹಾಕಿ ಅತ್ತುಬಿಟ್ಟೆ, ಮಾಸ್ಕಿನೊಳಗೆ ಮೂಗು ಸೋರಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಕ್ಕ, ಅಮ್ಮ ಬಂದ್ರು, ದಪ್ಪಣ್ಣ ಬಾಗಿಲಲ್ಲಿ, ಬರಲಿ ಬಿಡು, ಶರ್ಟು ಹಾಕಿದ್ದೇನೆ, ಕಾಲರು ಕತ್ತಿನ ಹೊಲಿಗೆ ಮುಚ್ಚಿದೆ, ಬೈತಲೆ ಸರಿಯಾದ ಕಡೆಗೇ ಇದೆ, ಬಾಯಿ ಒಂದು ಬಿಟ್ಟು ಎಲ್ಲ ಇದ್ದ ಹಾಗೇ ಇದೆ, ಅಮ್ಮ ಕೈಚೀಲ ಕೆಳಗಿಡದೆ ನೋಡುತ್ತಿದ್ದಾಳೆ, ಬಯ್ಯಮ್ಮ, ಬಾಯಿಗೆ ಬಂದ ಹಾಗೆ ಬಯ್ದುಬಿಡು, ನಿನ್ನ ಕೈಗೆ ಬೆಂಕಿ ಹಾಕ ಅನ್ನು, ತಡೆದುಕೊಳ್ಳುತ್ತೇನೆ — ಚೆನ್ನಾಗ್ ಮಾಡಿದ್ದೀಯ, ಅಂದಳು, ನೆಂಟರ ಮನೆಯಲ್ಲಿ ಮಾತಾಡುವ ದನಿಯಲ್ಲಿ, ಪಾಪ, ಯಾರ ಮಗನೋ, ನಮ್ಮವನು ಯಾವ ರೂಮಲ್ಲಿದ್ದಾನೆ. ಇವನೇ ಅಮ್ಮ, ಅಂದೆ. ಇಲ್ಲ, ಅಂದಳು. ಇವನೇ ಕಣಮ್ಮ. ಚೀಲ ಕೆಳಗಿಟ್ಟಳು, ಬಗ್ಗಿದಳು, ಹೆಬ್ಬೆರಳನ್ನು ಮೇಲ್ತುಟಿಯ ಕೆಳಗೆ ಒತ್ತಿ ಎತ್ತಿದಳು, ತುಟಿ ಏಳಲಿಲ್ಲ, ಮೂಲೆಯ ಮೇಣ ಅವಳ ಉಗುರಿಗೆ ಅಂಟಿಕೊಂಡಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು, ಹಲ್ಲಿಗಾಗಿ, ಅಮ್ಮ ಬಿಡಮ್ಮ, ಬಿಡಲಿಲ್ಲ, ಹೆಬ್ಬೆರಳು ತುಟಿಯ ಅಂಚು ಹುಡುಕುತ್ತ, ಜಾರಿ, ಮತ್ತೆ ಹುಡುಕುತ್ತ, ಅಮ್ಮನ ಹೆಬ್ಬೆರಳು, ಅದರ ಉಗುರು ಬಿಳಿಚಿ, ಮತ್ತೆ ಹೆಬ್ಬೆರಳು, ಮತ್ತೆ —