ತೊಂದರೆಯೇನೂ ಇಲ್ಲ

ವಿಶ್ವವಿದ್ಯಾಲಯದ ಆಸ್ಪತ್ರೆಯ ಸಭಾಂಗಣದಲ್ಲಿ ಅಂದು ಪ್ರೊಫೆಸರರಿಗೆ ಸನ್ಮಾನ. ಕೀಲುನೋವಿಗೆ ಅವರು ಕಂಡುಹಿಡಿದ ಮಾತ್ರೆ ನೂರಾ ಹನ್ನೆರಡು ಜನರ ಮೇಲೆ ಪರೀಕ್ಷೆಯಾಗಿ ಗೆದ್ದಿತ್ತು. ವಾರವಾರ ಆ ಜನರ ಬಳಿ ಕೂತು, ತೊಂದರೆ ಏನಾದರೂ ಇದೆಯೇ ಎಂದು ಕೇಳಿ ಬರೆದುಕೊಂಡ ನರ್ಸ್ ನಾನು. ನನ್ನನ್ನೂ ವೇದಿಕೆಗೆ ಕರೆಯುವವರಿದ್ದರು.

ರೋಗಿಗಳನ್ನೂ ಕರೆಸಿದ್ದರು. ಮುಂದಿನ ಸಾಲಿನಲ್ಲಿ ನನ್ನ ಅಕ್ಕ. ನಾನೇ ಒತ್ತಾಯಿಸಿ ಅವಳನ್ನು ಎರಡನೇ ತಂಡಕ್ಕೆ ಸೇರಿಸಿ, ಮಾತ್ರೆ ಶುರುವಾಗಿ ಮೂರು ವಾರವಾಗಿತ್ತು.

ನಾನು ಸಾಲುಗಳಲ್ಲಿ ನೀರು ಕೊಡುತ್ತ ಬಂದಾಗ ಮೊದಲ ತಂಡದ ಮುದಿ ದರ್ಜಿಯೊಬ್ಬ ನನ್ನ ಕಿವಿಯತ್ತ ಬಾಗಿದ.

"ಮಂಡಿನೋವು ಹೋಯ್ತು ತಾಯಿ, ಸುಳ್ಳಲ್ಲ. ಎದೆ ಮಾತ್ರ ಎರಡಿಂಚು ಕಮ್ಮಿ ಹೊಲಿದ ಅಂಗಿ ತೊಟ್ಟ ಹಾಗೆ ಬಿಗಿಯುತ್ತೆ. ಮೂರನೇ ವಾರದಿಂದ."

"ಏನೂ ತೊಂದರೆ ಇಲ್ಲ ಅಂದಿದ್ರಲ್ಲ ಅಜ್ಜ?"

"ನೀವು ಅಷ್ಟು ಪ್ರೀತಿಯಿಂದ ಕೇಳೋವಾಗ, ಇದೆ ಅನ್ನೋಕೆ ಬಾಯಿ ಬರಬೇಕಲ್ಲ. ಡಾಕ್ಟ್ರು ಬೇರೆ ದೇವರಂಥವರು. ಪುಕ್ಕಟೆ ಔಷಧಿ ಕೊಟ್ಟು ದೂರು ಬೇರೆ ಕೇಳಬೇಕಾ ಅವರು?"

ಪಕ್ಕದ ಅಜ್ಜಿ ನಕ್ಕಳು. "ಇವರೊಬ್ಬರದೇ ಅಂಗಿ ಬಿಗಿ ಅಂದುಕೊಂಡಿದಾರೆ."

ಲೋಟಗಳ ತಟ್ಟೆಯನ್ನು ಕೆಳಗಿಟ್ಟೆ. ಅಷ್ಟೂ ಹಾಳೆಗಳಲ್ಲಿ ನನ್ನದೇ ಅಕ್ಷರ: ತೊಂದರೆಯೇನೂ ಇಲ್ಲ. ಕಳೆದ ತಿಂಗಳು ಆ ರೋಗಿಗಳಲ್ಲೊಬ್ಬರು ನಿದ್ದೆಯಲ್ಲೇ ತೀರಿಕೊಂಡಿದ್ದರು. ವಯಸ್ಸಾಗಿತ್ತು ಎಂದು ಎಲ್ಲರೂ ಅಂದಿದ್ದೆವು.

ಅಕ್ಕನ ಮುಂದೆ ಕುಕ್ಕರಿಸಿದೆ. "ಅಕ್ಕ, ಎದೆ ಹಿಡಿಯುತ್ತಾ?"

"ಅಯ್ಯೋ, ಅದೆಲ್ಲ ಈಗ್ಯಾಕೆ. ನಿನ್ನನ್ನ ಕರೀತಿದಾರೆ, ಹೋಗೇ. ಕೂದಲು ಸರಿಮಾಡಿಕೋ, ಫೋಟೋ ತೆಗೀತಾರೆ."

ಅವಳ ಅಂಗೈ ತಣ್ಣಗೆ ಬೆವೆತಿತ್ತು. ನಾಡಿ ಹಿಡಿದೆ. ಎರಡು ಬಡಿತ, ಒಂದು ಮೌನ. ಮತ್ತೆ ಒಂದು ಬಡಿತ, ಉದ್ದನೆಯ ಮೌನ. ಹೇಳುತ್ತ ಹೇಳುತ್ತ ಲಯ ಮರೆತ ಪದ್ಯದ ಹಾಗೆ.

ವೇದಿಕೆಯ ಮೇಲೆ ಪ್ರೊಫೆಸರರ ಕೈಗೆ ಫಲಕ ಬಂದಿತ್ತು. ದೇವರೇ, ಧ್ವನಿಯೊಂದು ಕೊಡು ಎಂದುಕೊಂಡು ಎದ್ದು ನಿಂತೆ.

"ಸರ್, ಅಕ್ಕನಿಗೆ ಈಗಲೇ ಹಾಸಿಗೆ ಬೇಕು. ಹೃದಯದ ಡಾಕ್ಟ್ರನ್ನ ಕರೆಸಿ." ಆಮೇಲೆ ಸಾಲುಗಳತ್ತ ತಿರುಗಿದೆ. "ಯಾರಿಗೋ ಬೇಜಾರಾಗುತ್ತೆ ಅಂತ ನೋಡಬೇಡಿ. ಮಾತ್ರೆ ತಗೊಂಡ ಮೇಲೆ ಎದೆ ಬಿಗಿಯೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಎಲ್ಲರೂ ಪ್ರೊಫೆಸರರ ಮುಖ ನೋಡಿದರು. ಅವರು ಫಲಕವನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು ಬಂದು, "ಎತ್ತಿ" ಎಂದರು, ಸಣ್ಣ ಧ್ವನಿಯಲ್ಲಿ.

ಒಂದು ಕೈ ಎದ್ದಿತು. ಮೂರಾದವು. ಏಳಾದವು. ಯಾರೋ ತಂದ ಗಾಲಿಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ ತಳ್ಳಿಕೊಂಡು ನಾನು ಬಾಗಿಲು ದಾಟುವಾಗ ಹಿಂದಿನ ಸಾಲುಗಳಲ್ಲಿ ಕೈಗಳು ಇನ್ನೂ ಏಳುತ್ತಲೇ ಇದ್ದವು.